ಎಂಟು ಗಂಟೆ ಟೈಮಲ್ಲಿ ಮೆಂಡನ್‌ಹಾಲ್ ಗ್ಲೇಸಿಯರ್, ನಗೆಟ್ ಫಾಲ್ಸ್ ಎರಡೂ: ಅಪ್ಪ ಅಮ್ಮನ್ನ ಕರ್ಕೊಂಡು ಹೋಗೋರಿಗೆ

ಪ್ರಶ್ನೆ: ನಾವು ಸಿಯಾಟಲ್ ಹತ್ರ ಇರೋದು. ದಾವಣಗೆರೆಯಿಂದ ಅಪ್ಪ (71), ಅಮ್ಮ (66) ಬರ್ತಿದಾರೆ, ಆಗಸ್ಟ್ ಮೊದಲ ವಾರಕ್ಕೆ ಅಲಾಸ್ಕಾ ಕ್ರೂಸ್ ಬುಕ್ ಮಾಡಿದೀವಿ. ಜೂನೋದಲ್ಲಿ ಹಡಗು ಮಧ್ಯಾಹ್ನ 1ರಿಂದ ರಾತ್ರಿ 9ರ ತನಕ ನಿಲ್ಲುತ್ತೆ. ಗ್ಲೇಸಿಯರ್ ಮುಟ್ಟಿ ನೋಡ್ಬೇಕು ಅಂತ ಅಪ್ಪಂಗೆ ಆಸೆ, ಹೆಲಿಕಾಪ್ಟರ್ ರೇಟ್ ನೋಡಿ ನಮಗೆ ತಲೆ ತಿರುಗ್ತು. ಅಮ್ಮಂಗೆ ಮಂಡಿ ನೋವು, ಅಲ್ಲೇ ಪಕ್ಕದಲ್ಲಿ ಜಲಪಾತ ಇದೆಯಂತೆ, ಅಲ್ಲೀತನಕ ನಡೆಯೋಕಾಗುತ್ತಾ? ಮಳೆ, ಚಳಿ, ಕರಡಿ, ಊಟ ಎಲ್ಲದರ ಬಗ್ಗೆನೂ ಸ್ವಲ್ಪ ಹೇಳಿ.

ಉತ್ತರ: ನೇರ ವಿಷಯಕ್ಕೆ ಬರ್ತೀನಿ. ಅಮ್ಮ ಜಲಪಾತದ ತನಕ ನಡೀಬೋದು, ಆರಾಮಾಗಿ. ಅಪ್ಪ ಹೆಲಿಕಾಪ್ಟರ್ ಹತ್ತದೆ ಗ್ಲೇಸಿಯರ್ ಮುಟ್ಟೋಕೆ ಆಗಲ್ಲ, ಆದ್ರೆ ಗ್ಲೇಸಿಯರ್‌ದೇ ಒಂದು ತುಂಡು ಕೈಗೆ ಸಿಗೋ ಚಾನ್ಸ್ ಇದೆ, ಅದನ್ನ ಮುಂದೆ ಹೇಳ್ತೀನಿ. ಇನ್ನು ನೀವು ಕೇಳದೇ ಬಿಟ್ಟಿರೋದು ಎರಡಿದೆ, ಆಗಸ್ಟ್ ಮೊದಲ ವಾರದ ನೆರೆ ಮತ್ತೆ ಕೆನಡಾ ವೀಸಾ. ಅವೆರಡರಲ್ಲಿ ಯಾವುದು ಕೈಕೊಟ್ರೂ ಪ್ಲಾನ್ ಪೂರ್ತಿ ಮಗುಚಿ ಬೀಳುತ್ತೆ, ಅದಕ್ಕೇ ಕೊನೇತನಕ ಓದಿ.

ನಾನು ಸಾಗರದ ಕಡೆಯವನು. ಬೇಸಿಗೇಲಿ ಅಲಾಸ್ಕಾಕ್ಕೆ ಜನನ್ನ ಕರ್ಕೊಂಡು ಹೋಗೋ ಕೆಲಸ ಹಿಡಿದು ಕೋವಿಡ್ ವರ್ಷ ಬಿಟ್ಟು ಒಂಬತ್ತು ಸೀಸನ್ ಆಯ್ತು, ಬರೋರಲ್ಲಿ ಮುಕ್ಕಾಲು ಪಾಲು ನಿಮ್ಮ ಥರದವ್ರೇ, ಮಕ್ಕಳು ಅಮೆರಿಕದಲ್ಲಿ, ಊರಿಂದ ಬಂದ ಅಪ್ಪ ಅಮ್ಮ, ಏಳು ದಿನದ ಕ್ರೂಸು, ಸೂಟ್‌ಕೇಸ್ ತುಂಬ ಚಟ್ನಿಪುಡಿ. ಹಾಗಾಗಿ ವಯಸ್ಸಾದವರ ಕಾಲು ಎಲ್ಲಿ ಸೋಲುತ್ತೆ, ಎಲ್ಲಿ ಹುರುಪು ಬರುತ್ತೆ ಅನ್ನೋದು ಒಂದು ಅಂದಾಜಿದೆ.

ಜಾಗದ ಪರಿಚಯ ಮೊದಲು. ಜೂನೋ ಅಲಾಸ್ಕಾದ ರಾಜಧಾನಿ, ಆದ್ರೆ ಹೊರಗಿನ ಯಾವ ಊರಿಂದನೂ ಅಲ್ಲಿಗೆ ರಸ್ತೆ ಇಲ್ಲ, ವಿಮಾನ ಇಲ್ಲ ಅಂದ್ರೆ ಹಡಗು ಅಷ್ಟೇ. ಊರ ಹಿಂದಿನ ಬೆಟ್ಟಗಳ ಮೇಲೆ ಜೂನೋ ಐಸ್‌ಫೀಲ್ಡ್ ಅಂತ ಸುಮಾರು 3,900 ಚದರ ಕಿಲೋಮೀಟರ್ ಹಿಮದ ಬಯಲಿದೆ, ಅಲ್ಲಿಂದ ಕೆಳಗೆ ಜಾರಿ ಬರೋ ಹತ್ತಾರು ಹಿಮನದಿಗಳಲ್ಲಿ ಮೆಂಡನ್‌ಹಾಲ್ ಒಂದು. ಉದ್ದ 20 ಕಿಲೋಮೀಟರ್ ಚಿಲ್ಲರೆ. ಅದಕ್ಕಿಂತ ದೊಡ್ಡವು ಅಲಾಸ್ಕಾದಲ್ಲಿ ಬೇಕಾದಷ್ಟಿವೆ, ಆದ್ರೂ ಇದು ಇಷ್ಟು ಫೇಮಸ್ ಆಗಿರೋದು ಯಾಕಂದ್ರೆ ಇದರ ಮುಂದೆ ತನಕ ಟಾರ್ ರೋಡ್ ಇದೆ, ಹಡಗು ನಿಲ್ಲೋ ಜಾಗದಿಂದ 20 ಕಿಲೋಮೀಟರ್ ಆಸುಪಾಸು, ಬಸ್ಸಲ್ಲಿ ಅರ್ಧ ಗಂಟೆ. ಚಪ್ಪಲಿ ಹಾಕ್ಕೊಂಡು ಇಳಿದು ನೋಡ್ಬೋದಾದ ಗ್ಲೇಸಿಯರ್ ಇದು (ಚಪ್ಪಲಿ ಹಾಕ್ಕೊಂಡು ಹೋಗ್ಬೇಡಿ, ಮಾತಿಗೆ ಹೇಳ್ದೆ). ಅಲ್ಲಿನ ಮೂಲ ನಿವಾಸಿಗಳು ಟ್ಲಿಂಗಿಟ್ ಜನ, ಅವರ ಭಾಷೇಲಿ ಇದಕ್ಕೆ ಊರ ಹಿಂದಿನ ಹಿಮನದಿ ಅನ್ನೋ ಅರ್ಥದ ಹೆಸರಿದೆ. 1879ರಲ್ಲಿ ಬಂದ ಪ್ರಕೃತಿ ಲೇಖಕ ಜಾನ್ ಮ್ಯೂರ್ ಇದಕ್ಕೆ ಆಕ್ ಗ್ಲೇಸಿಯರ್ ಅಂತ ಟ್ಲಿಂಗಿಟ್‌ರ ಆಕ್ ಕುಲದ ಹೆಸರೇ ಇಟ್ಟಿದ್ರು, ಆಮೇಲೆ 1890ರ ದಶಕದ ಶುರುನಲ್ಲಿ ಅಮೆರಿಕದ ಸರ್ವೆ ಇಲಾಖೆ ಮುಖ್ಯಸ್ಥರಾಗಿದ್ದ ಥಾಮಸ್ ಮೆಂಡನ್‌ಹಾಲ್ ಹೆಸರು ಬಂತು. ಸರ್ವೆಯವರ ಹೆಸರು ಬೆಟ್ಟಕ್ಕೆ ಇಡೋದು ಎಲ್ಲಾ ಕಡೆ ಇದ್ದಿದ್ದೇ, ಎವರೆಸ್ಟೂ ಅದೇ ಕಥೆ ತಾನೇ.

ಈಗ ನನ್ನ ಮುಖ್ಯ ಸಲಹೆ: ಬಸ್ ಇಳಿದ ತಕ್ಷಣ ಜಲಪಾತದ ಕಡೆ ಹೆಜ್ಜೆ ಹಾಕಿ. ವಿಸಿಟರ್ ಸೆಂಟರ್, ಸಿನಿಮಾ, ದುರ್ಬೀನು, ಫೋಟೋ ಎಲ್ಲಾ ವಾಪಸ್ ಬಂದಮೇಲೆ. ಹತ್ತಕ್ಕೆ ಒಂಬತ್ತು ಜನ ಉಲ್ಟಾ ಮಾಡ್ತಾರೆ. ನಾನೂ ಮಾಡಿದ್ದೆ, ನನ್ನ ಅಪ್ಪನ್ನ ಮೊದಲ ಸಲ ಕರ್ಕೊಂಡು ಹೋದಾಗ. ಸೆಂಟರ್ ಒಳಗೆ ಬೆಚ್ಚಗೆ ಕೂತು ಗಾಜಿನ ಗೋಡೆಯಿಂದ ಗ್ಲೇಸಿಯರ್ ನೋಡಿದ್ವಿ, ಸಿನಿಮಾ ನೋಡಿದ್ವಿ, ಫೋಟೋ ಪಾಯಿಂಟಲ್ಲಿ ಎಂಟು ಆಂಗಲ್‌ನಲ್ಲಿ ಫೋಟೋ ತೆಗೆದ್ವಿ, ಹೀಗೆ ಒಂದೂವರೆ ಗಂಟೆ ಹೋಗಿ ಆಮೇಲೆ ಫಾಲ್ಸ್ ಕಡೆ ಹೊರಟ್ರೆ ಮುಕ್ಕಾಲು ದಾರೀಲಿ ಬಸ್ ಟೈಮ್ ಆಗೋಯ್ತು, ನೀರಿನ ಸದ್ದು ಜೋರಾಗಿ ಕೇಳ್ತಿದೆ, ಮರದ ಸಂದಿಯಿಂದ ಬೆಳ್ಳಗೆ ಕಾಣ್ತಿದೆ, ಅಲ್ಲಿಂದ ವಾಪಸ್. ಅಪ್ಪ ಈಗಲೂ ಯಾರಾದ್ರೂ ಅಲಾಸ್ಕಾ ಅಂದ್ರೆ ಸಾಕು, ‘ಹೋಗಿದ್ದೆ, ಅಲ್ಲೊಂದು ಫಾಲ್ಸ್ ಇದೆ, ನೋಡ್ಲಿಲ್ಲ’ ಅಂತಾನೇ ಶುರು ಮಾಡೋದು. ಗ್ಲೇಸಿಯರ್ ಮಾತೇ ಇಲ್ಲ.

ಅದಕ್ಕೆ ಕಾರಣನೂ ಇದೆ. ಸೆಂಟರಿಂದ ನೋಡಿದ್ರೆ ಗ್ಲೇಸಿಯರ್ ಕೆರೆಯಾಚೆ ದೂರದಲ್ಲಿ ಕಾಣೋ ಒಂದು ಚಿತ್ರ. ಚೆಂದದ ಚಿತ್ರನೇ, ಆದ್ರೆ ಹತ್ತು ನಿಮಿಷ ಆದಮೇಲೆ ಊರಿಂದ ಬಂದೋರು ‘ಸರಿ, ಮುಂದೆ?’ ಅಂತ ಮುಖ ನೋಡ್ತಾರೆ. ಜಲಪಾತದ ಬುಡದಲ್ಲಿ ಹಾಗಲ್ಲ, ಸದ್ದು ಎದೆಗೆ ಬಡಿಯುತ್ತೆ, ಕನ್ನಡಕದ ಮೇಲೆ ಹನಿ ಕೂರುತ್ತೆ, ಎಡಕ್ಕೆ ತಿರುಗಿದ್ರೆ ಅದೇ ಗ್ಲೇಸಿಯರ್ ಇನ್ನೂ ಹತ್ತಿರದಲ್ಲಿ ಕಾಣುತ್ತೆ. ಎರಡೂ ಒಟ್ಟಿಗೆ ಸಿಗೋ ಜಾಗ ಅದು.

ನಗೆಟ್ ಫಾಲ್ಸ್ ಎತ್ತರ 377 ಅಡಿ, ಅಂದ್ರೆ 115 ಮೀಟರ್, ಎರಡು ಮೆಟ್ಟಿಲಾಗಿ ಬೀಳುತ್ತೆ. ನಮ್ಮ ಜೋಗದ ರಾಜ 253 ಮೀಟರ್, ಅದರ ಅರ್ಧನೂ ಇಲ್ಲ ಅಂತ ನಾನು ಮೊದಲ ಸಲ ಮೂಗು ಮುರಿದಿದ್ದೆ. ಆದ್ರೆ ಜೋಗದಲ್ಲಿ ನಾವು ಎದುರಿನ ದಂಡೆ ಮೇಲೆ ನಿಂತು ನೋಡ್ತೀವಿ, ಬುಡಕ್ಕೆ ಇಳೀಬೇಕು ಅಂದ್ರೆ ಸಾವಿರಕ್ಕೂ ಮೇಲೆ ಮೆಟ್ಟಿಲು, ಮಂಡಿ ನೋವಿನವರಿಗೆ ಅದು ಕನಸಿನ ಮಾತು. ಇಲ್ಲಿ ಮಟ್ಟಸವಾದ ದಾರೀಲಿ ನಡ್ಕೊಂಡು ನೇರ ಬುಡಕ್ಕೇ ಹೋಗಿ ನಿಲ್ತೀವಿ. ಇನ್ನೊಂದು ವ್ಯತ್ಯಾಸ, ಜೋಗ ಮಳೆ ಮತ್ತೆ ಲಿಂಗನಮಕ್ಕಿ ಗೇಟಿನ ಮೇಲೆ ನಿಂತಿದೆ, ಏಪ್ರಿಲಲ್ಲಿ ಹೋದ್ರೆ ಬಂಡೆ ನೋಡ್ಕೊಂಡು ಬರ್ಬೇಕು. ನಗೆಟ್‌ಗೆ ನೀರು ಬರೋದು ಮೇಲಿರೋ ನಗೆಟ್ ಗ್ಲೇಸಿಯರ್ ಕರಗಿ. ಹಾಗಾಗಿ ಬಿಸಿಲು ಕಾದಷ್ಟೂ ನೀರು ಜಾಸ್ತಿ, ಮಳೆ ಬಂದ್ರೂ ಜಾಸ್ತಿ. ಆಗಸ್ಟಲ್ಲಿ ನೀವು ಯಾವ ದಿನ ಹೋದ್ರೂ ನಿರಾಸೆ ಆಗಲ್ಲ.

ಇನ್ನು ಅಮ್ಮನ ಮಂಡಿ. ದಾರಿ ಒಂದು ಕಡೆಗೆ ಹೆಚ್ಚುಕಮ್ಮಿ ಒಂದೂವರೆ ಕಿಲೋಮೀಟರ್. ಶುರುನಲ್ಲಿ ಫೋಟೋ ಪಾಯಿಂಟ್ ಕಡೆ ಹೋಗೋ ಟಾರ್ ಹಾಕಿದ ಸಣ್ಣ ದಾರಿ, ಅದು ವೀಲ್‌ಚೇರ್ ಹೋಗೋ ಹಾಗಿದೆ. ಅಲ್ಲಿಂದ ಕವಲೊಡೆದು ಜಲ್ಲಿ ಹಾಕಿ ಗಟ್ಟಿ ಮಾಡಿರೋ ದಾರಿ, ಅಗಲವಾಗಿದೆ, ಅಲ್ಲಲ್ಲಿ ಸಣ್ಣ ಏರು ಇಳಿಕೆ ಬಿಟ್ರೆ ಸಪಾಟು, ಎರಡೂ ಕಡೆ ಆಲ್ಡರ್, ವಿಲ್ಲೋ ಅಂತ ಎಳೆ ಮರಗಳು. ದಿನಾ ದಾವಣಗೆರೇಲಿ ಬೆಳಿಗ್ಗೆ ಅರ್ಧ ಗಂಟೆ ವಾಕಿಂಗ್ ಮಾಡೋರಾಗಿದ್ರೆ ಅಮ್ಮಂಗೆ ಏನೂ ಕಷ್ಟ ಇಲ್ಲ, ಹೋಗೋಕೆ 45 ನಿಮಿಷ, ಬರೋಕೆ 45 ನಿಮಿಷ ಇಟ್ಕೊಳ್ಳಿ. ಕಷ್ಟ ಇರೋದು ಕೊನೆಯ ಐವತ್ತು ಹೆಜ್ಜೆ ಮಾತ್ರ. ಅಲ್ಲಿ ದಾರಿ ಮುಗಿದು ಉರುಟು ಕಲ್ಲು, ಮರಳು, ಬಂಡೆ ಶುರು ಆಗುತ್ತೆ, ಒದ್ದೆ ಇರುತ್ತೆ, ಕಾಲ ಕೆಳಗೆ ಕಲ್ಲು ಅಲ್ಲಾಡುತ್ತೆ. ಎಲ್ಲರೂ ಬಂಡೆ ಹತ್ತಿ ಇನ್ನೂ ಹತ್ರ ಹೋಗ್ತಾರೆ ಅಂತ ಅಮ್ಮನ್ನ ಎಳ್ಕೊಂಡು ಹೋಗ್ಬೇಡಿ, ಮರಳಿನ ಅಂಚಲ್ಲೇ ನಿಲ್ಲಿಸಿ, ಅಲ್ಲಿಂದಲೇ ಪೂರ್ತಿ ಕಾಣುತ್ತೆ. ಒಂದು ಮಡಚೋ ವಾಕಿಂಗ್ ಸ್ಟಿಕ್ ತಗೊಳ್ಳಿ, ಒಂದಲ್ಲ ಎರಡು ಇದ್ರೆ ಮಂಡಿಗೆ ಇನ್ನೂ ಒಳ್ಳೇದು. ಮತ್ತೆ ದಾರೀಲಿ ಟಾಯ್ಲೆಟ್ ಇಲ್ಲ. ಇದನ್ನ ನಾನು ಎಲ್ಲರಿಗೂ ಎರಡೆರಡು ಸಲ ಹೇಳ್ತೀನಿ, ದಾರೀಲೂ ಇಲ್ಲ, ಫಾಲ್ಸ್ ಹತ್ರನೂ ಇಲ್ಲ, ಹೊರಡೋ ಮುಂಚೆ ಸೆಂಟರ್ ಹತ್ರನೇ ಮುಗಿಸ್ಕೊಂಡು ಹೊರಡಿ. ಬಿಪಿ ಮಾತ್ರೆ ತಗೊಳೋರಿಗೆ ಚಳೀಲಿ ಇದು ಸಣ್ಣ ವಿಷಯ ಅಲ್ಲ.

ದಾರಿಯ ಮರಗಳನ್ನ ಸ್ವಲ್ಪ ಗಮನಿಸೋಕೆ ಹೇಳಿ. ನೀವು ನಡೀತಿರೋ ಜಾಗ ಒಂದು ಕಾಲಕ್ಕೆ ಪೂರ್ತಿ ಮಂಜುಗಡ್ಡೆ ಕೆಳಗಿತ್ತು. ಕೆರೆ ಅನ್ನೋದೇ ಇರ್ಲಿಲ್ಲ, 1929ರ ಸುಮಾರಿಗೆ ಗ್ಲೇಸಿಯರ್ ಹಿಂದೆ ಸರೀತಾ ಬಂದಂಗೆ ಅದು ಬಿಟ್ಟುಹೋದ ಗುಂಡಿ ತುಂಬಿ ಈ ಕೆರೆ ಆಯ್ತು. ಅಲ್ಲಿಂದ 2005ರ ಹೊತ್ತಿಗೇ ಎರಡೂಮುಕ್ಕಾಲು ಕಿಲೋಮೀಟರ್‌ನಷ್ಟು ಹಿಂದೆ ಹೋಗಿತ್ತು, ಈಗ ಇನ್ನೂ ದೂರ. ನಗೆಟ್ ಫಾಲ್ಸ್ ನೀರು ಮೊದಲು ಬೀಳ್ತಿದ್ದದ್ದು ಕೆರೆ ದಂಡೆ ಮೇಲಲ್ಲ, ನೇರ ಗ್ಲೇಸಿಯರ್ ಮೇಲೇ. 1962ರಲ್ಲಿ ವಿಸಿಟರ್ ಸೆಂಟರ್ ಕಟ್ಟಿದಾಗ (ಅಮೆರಿಕದ ಅರಣ್ಯ ಇಲಾಖೆ ಕಟ್ಟಿಸಿದ ಮೊಟ್ಟಮೊದಲ ವಿಸಿಟರ್ ಸೆಂಟರ್ ಅದು) ಗ್ಲೇಸಿಯರ್ ಎದುರಿಗೇ ಇರ್ಲಿ ಅಂತ ಜಾಗ ಆರಿಸಿ ದೊಡ್ಡ ಕಿಟಕಿ ಇಟ್ರು. ಈಗ ಗ್ಲೇಸಿಯರ್‌ನ ಮೂತಿ ಕೆರೆಯಿಂದಲೇ ಮೇಲೆದ್ದು ಹೋಗೋ ಹಂತಕ್ಕೆ ಬಂದಿದೆ, ಇನ್ನು ಕೆಲವು ದಶಕದಲ್ಲಿ ಆ ಕಿಟಕಿಯಿಂದ ಅದು ಕಾಣೋದೇ ಇಲ್ಲ ಅಂತ ಅಧ್ಯಯನ ಮಾಡೋರು ಹೇಳ್ತಿದಾರೆ. ನಿಮ್ಮ ಮಕ್ಕಳಿಗೆ ತೋರಿಸೋ ಯೋಚನೆ ಇದ್ರೆ ಅವರನ್ನೂ ಈಗಲೇ ಕರ್ಕೊಂಡು ಹೋಗಿ, ಅಜ್ಜ ಅಜ್ಜಿ ಜೊತೆಗೇ ಆಗಲಿ.

ದಾರಿ ಪಕ್ಕದ ಬಂಡೆಗಳ ಮೇಲೆ ಕೈಯಾಡಿಸಿ ನೋಡೋಕೆ ಹೇಳಿ ಅಮ್ಮಂಗೆ. ಕೆಲವು ಕಡೆ ರುಬ್ಬೋ ಒರಳಿನ ಒಳಮೈ ಥರ ನುಣ್ಣಗಿರುತ್ತೆ, ಅದರ ಮೇಲೆ ಒಂದೇ ದಿಕ್ಕಿಗೆ ಎಳೆದ ಗೀರುಗಳು. ಒರಳೂ ಗುಂಡೂ ಅಂತಲೇ ಅಂದ್ಕೊಳ್ಳಿ, ಮೇಲಿಂದ ನೂರಾರು ಅಡಿ ಮಂಜುಗಡ್ಡೆ ಭಾರ, ಅದರ ತಳದಲ್ಲಿ ಸಿಕ್ಕಾಕ್ಕೊಂಡ ಕಲ್ಲುಗಳು, ಅದು ಜಾರ್ತಾ ಜಾರ್ತಾ ಬಂಡೆನ ಅರೆದು ಅರೆದು ಹಿಟ್ಟು ಮಾಡಿದೆ. ಆ ಹಿಟ್ಟೇ ನೀರಲ್ಲಿ ಸೇರಿ ಕೆರೆ ನೀರು ಅಕ್ಕಚ್ಚಿನ ಬಣ್ಣಕ್ಕೆ ಬಂದಿರೋದು. ‘ಇಷ್ಟು ಶುದ್ಧವಾದ ಜಾಗದಲ್ಲಿ ನೀರ್ಯಾಕೆ ಹೀಗೆ ಕದಡಿದೆ’ ಅಂತ ಊರಿಂದ ಬಂದೋರು ಕೇಳೇ ಕೇಳ್ತಾರೆ, ಉತ್ತರ ಇದು.

ಈಗ ಅಪ್ಪನ ಆಸೆ. ಸೆಂಟರ್ ಇರೋ ಕಡೆಯಿಂದ ಗ್ಲೇಸಿಯರ್ ಹತ್ರ ನಡೆದು ಹೋಗೋಕೆ ದಾರಿನೇ ಇಲ್ಲ, ಮಧ್ಯೆ ಕೆರೆ. ಕೆರೆಯ ಆಚೆ ಪಕ್ಕದಿಂದ ವೆಸ್ಟ್ ಗ್ಲೇಸಿಯರ್ ಟ್ರೈಲ್ ಅಂತ ಒಂದಿದೆ, ಅದು ಇಡೀ ದಿನದ ಕಡಿದಾದ ಚಾರಣ, ನಿಮಗೆ ಬೇಡ. ಆ ಕಡೆ ನೀಲಿ ಐಸ್ ಗುಹೆಗಳ ಫೋಟೋ ಇಂಟರ್‌ನೆಟ್ ತುಂಬ ಓಡಾಡ್ತಿದೆ, ಅವು ಕುಸಿಯೋ ಗುಹೆಗಳು, ಒಳಗೆ ಕಾಲಿಡೋದು ಹುಚ್ಚುತನ. ಹೆಲಿಕಾಪ್ಟರಲ್ಲಿ ಹೋದ್ರೆ ಮಾತ್ರ ಮೇಲೆ ಇಳಿದು ನಡೀಬೋದು, ಒಬ್ಬರಿಗೆ 400 ಡಾಲರ್ ಆಸುಪಾಸಿಂದ ಮೇಲಕ್ಕೇ, ನಾಲ್ಕು ಜನಕ್ಕೆ ಲೆಕ್ಕ ಹಾಕಿದ್ರೆ ಊರಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಬೈಕ್ ಬರುತ್ತೆ. ದುಡ್ಡಿನ ಮಾತು ಬಿಡಿ, ಜೂನೋ ಮೋಡ ನಂಬೋ ಹಾಗಿಲ್ಲ, ಕೊನೇ ಗಳಿಗೇಲಿ ಹಾರಾಟ ಕ್ಯಾನ್ಸಲ್ ಆಗೋದು ಮಾಮೂಲು, ದುಡ್ಡು ವಾಪಸ್ ಕೊಡ್ತಾರೆ ಆದ್ರೆ ಅಷ್ಟೊತ್ತಿಗೆ ನಿಮ್ಮ ಮಧ್ಯಾಹ್ನ ಹೋಗಿರುತ್ತೆ. ಅಪ್ಪಂಗೆ ಅದು ಜೀವಮಾನದ ಆಸೆ ಅಂತಿದ್ರೆ ಅಪ್ಪನ್ನ ಮಾತ್ರ ನೀವು ಕರ್ಕೊಂಡು ಹೋಗಿ, ಅಮ್ಮನ ಜೊತೆ ಮನೆಯವರು ಫಾಲ್ಸ್‌ಗೆ ಹೋಗ್ಲಿ. ಎಲ್ಲರೂ ಹೋಗ್ಬೇಕು ಅಂತೇನಿಲ್ಲ.

ಆದ್ರೆ ನಾನು ಹೇಳ್ತೀನಿ ಅಂದೆನಲ್ಲ, ಆ ತುಂಡಿನ ವಿಷಯ. ಗ್ಲೇಸಿಯರ್‌ನಿಂದ ಒಡೆದು ಬಿದ್ದ ಗಡ್ಡೆಗಳು ಕೆರೇಲಿ ತೇಲ್ತಾ ಇರ್ತವೆ, ಗಾಳಿಗೆ ಸಣ್ಣ ಸಣ್ಣ ಚೂರು ಫಾಲ್ಸ್ ಹತ್ರದ ದಂಡೆಗೆ ಬಂದು ಬೀಳುತ್ತೆ. ಈಗೀಗ ಕಮ್ಮಿ ಆಗಿದೆ, ಎಲ್ಲಾ ದಿನ ಸಿಗಲ್ಲ. ಸಿಕ್ರೆ ಕೈಗೆ ತಗೊಂಡು ನೋಡಿ, ನಮ್ಮ ಫ್ರಿಜ್ಜಿನ ಐಸ್ ಥರ ಬೆಳ್ಳಗೆ ಇರಲ್ಲ, ಗಾಜಿನ ಗಟ್ಟಿ ಥರ ಪಾರದರ್ಶಕ, ಸೆರೆ ಸಿಕ್ಕ ಗಾಳಿಯ ಗುಳ್ಳೆಗಳು ಒಳಗೆ ಕಾಣ್ತವೆ. ಕಿವಿ ಹತ್ರ ಹಿಡ್ಕೊಂಡ್ರೆ ಚಟ್ ಚಟ್ ಅಂತ ಸಣ್ಣ ಸದ್ದು, ಒಗ್ಗರಣೆಯ ಕೊನೇ ಸಾಸಿವೆ ಸಿಡಿದ ಹಾಗೆ. ಅದು ಗುಳ್ಳೆ ಒಡೆದು ಹಳೇ ಗಾಳಿ ಹೊರಗೆ ಬರೋ ಸದ್ದು. ಎಷ್ಟು ಹಳೇದು ಅಂದ್ರೆ, ಮೇಲಿನ ಐಸ್‌ಫೀಲ್ಡಲ್ಲಿ ಬಿದ್ದ ಹಿಮ ಕೆಳಗಿನ ತುದಿಗೆ ಬರೋಕೆ ಇನ್ನೂರು ವರ್ಷದ ಮೇಲೆ ಬೇಕು ಅಂತ ಲೆಕ್ಕ, ಅಂದ್ರೆ ಮೈಸೂರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಪಟ್ಟದಲ್ಲಿದ್ದಾಗ ಬಿದ್ದ ಹಿಮ. ಎರಡು ವರ್ಷದ ಹಿಂದೆ ತಿಪಟೂರಿನ ಒಬ್ಬರು ರಿಟೈರ್ಡ್ ಮೇಷ್ಟ್ರು ಬಂದಿದ್ರು, ಅಂಗೈ ಅಗಲದ ಒಂದು ಚೂರು ಸಿಕ್ತು, ಅದು ಪೂರ್ತಿ ಕರಗೋ ತನಕ ಕೈಯಿಂದ ಕೈಗೆ ಬದಲಾಯಿಸ್ಕೊಂಡು ನಿಂತಿದ್ರು, ಕೈ ಕೆಂಪಾಗಿತ್ತು, ಮಗಳು ಬೈತಿದ್ರೂ ಬಿಡ್ಲಿಲ್ಲ. ದಂಡೆಗೆ ಬಂದ ಚೂರು ಮಾತ್ರ ಮುಟ್ಟಿ, ನೀರಲ್ಲಿ ತೇಲೋ ದೊಡ್ಡ ಗಡ್ಡೆ ಹತ್ರ ಹೋಗ್ಬೇಡಿ, ಅದರ ಹೆಚ್ಚಿನ ಪಾಲು ನೀರೊಳಗಿರುತ್ತೆ, ಯಾವಾಗ ಬೇಕಾದ್ರೂ ಮಗುಚುತ್ತೆ.

ಗ್ಲೇಸಿಯರ್ ಯಾಕೆ ನೀಲಿ ಅಂತ ಅಪ್ಪ ಕೇಳಿದ್ರೆ: ಭಾರಕ್ಕೆ ಒತ್ತಿ ಒತ್ತಿ ಗಟ್ಟಿಯಾದ ಮಂಜುಗಡ್ಡೆ ಬೆಳಕಿನ ಕೆಂಪು ಭಾಗ ನುಂಗಿ ನೀಲಿನ ಮಾತ್ರ ಹೊರಗೆ ಬಿಡುತ್ತೆ. ಮೋಡ ಮುಚ್ಚಿದ ದಿನ ಈ ನೀಲಿ ಇನ್ನೂ ಚೆನ್ನಾಗಿ ಕಾಣುತ್ತೆ, ಬಿಸಿಲಿದ್ರೆ ಹೊಳಪಿಗೆ ಬೆಳ್ಳಗಾಗಿಬಿಡುತ್ತೆ. ಹಾಗಾಗಿ ಬೆಳಿಗ್ಗೆ ಎದ್ದು ಮೋಡ ನೋಡಿ ಮುಖ ಸಣ್ಣ ಮಾಡ್ಕೋಬೇಡಿ.

ಮಳೆ ಬರುತ್ತೆ. ‘ಬಂದ್ರೆ’ ಅಲ್ಲ, ಬರುತ್ತೆ ಅಂತಲೇ ತಯಾರಾಗಿ. ನಮ್ಮ ಆಗುಂಬೆ ಥರ ಸುರಿಯೋದಲ್ಲ, ಜಿಟಿಜಿಟಿ, ಪುನರ್ವಸು ಮಳೆ ಹಿಡ್ಕೊಂಡಂಗೆ ಬಿಡದೆ ಹನೀತಾ ಇರೋದು. ನಮ್ಮ ಪುಣ್ಯಕ್ಕೆ ಉಂಬಳ (ಜಿಗಣೆ) ಇಲ್ಲ. ಬೇಸಿಗೇಲೂ ಹಗಲಿನ ತಾಪಮಾನ 15ರಿಂದ 18 ಡಿಗ್ರಿ, ದಾವಣಗೆರೆಯವರಿಗೆ ಅದು ಡಿಸೆಂಬರ್ ಬೆಳಗಿನ ಜಾವ. ಅದರ ಮೇಲೆ ಗ್ಲೇಸಿಯರ್ ಗಾಳಿ ಅಂತ ಒಂದಿದೆ. ಮಂಜುಗಡ್ಡೆ ಮೇಲಿನ ಗಾಳಿ ತಣ್ಣಗಾಗಿ ಭಾರ ಆಗಿ ಇಳಿಜಾರಿಗೆ ನೀರಿನ ಥರ ಹರ್ಕೊಂಡು ಬರುತ್ತೆ, ಪಾರ್ಕಿಂಗಲ್ಲಿ ಏನೂ ಗೊತ್ತಾಗಲ್ಲ, ಕೆರೆ ದಂಡೆಗೆ ಬಂದ ಕೂಡ್ಲೇ ಮುಖಕ್ಕೆ ಹೊಡೆಯುತ್ತೆ. ಛತ್ರಿ ಉಲ್ಟಾ ಆಗುತ್ತೆ, ತರಬೇಡಿ. ಟೋಪಿ ಇರೋ ರೈನ್ ಜಾಕೆಟ್, ಒಳಗೊಂದು ಸ್ವೆಟರ್, ಮತ್ತೆ ನಗಬೇಡಿ, ಮಂಕಿ ಕ್ಯಾಪ್. ಮಕ್ಕಳಿಗೆ ಅದು ನಾಚಿಕೆ, ಫೋಟೋ ಕೆಡುತ್ತೆ ಅಂತ ಬೀನಿ ಕೊಡಿಸ್ತಾರೆ, ಕಿವಿ ಕತ್ತು ಎರಡೂ ಮುಚ್ಚೋದು ಮಂಕಿ ಕ್ಯಾಪ್ ಒಂದೇ. ಅಮ್ಮ ಸೀರೆನೇ ಉಡೋದಾದ್ರೆ ಉಡ್ಲಿ, ಒಳಗೆ ಥರ್ಮಲ್ ಪ್ಯಾಂಟ್, ಸೀರೆ ಸ್ವಲ್ಪ ಎತ್ತಿ ಕಟ್ಟಿ, ಸಾಕ್ಸು ಶೂ. ನೆರಿಗೆ ಒದ್ದೆ ಆದ್ರೆ ಕಾಲಿಗೆ ಸುತ್ಕೊಂಡು ಆ ಉರುಟು ಕಲ್ಲಿನ ಹತ್ರ ಎಡವೋ ಭಯ, ಅದಕ್ಕೆ ನನ್ನ ಓಟು ಚೂಡಿದಾರಕ್ಕೆ. ಜೀನ್ಸ್ ಮಾತ್ರ ಯಾರೂ ಬೇಡ, ಒಂದ್ಸಲ ನೆನೆದ್ರೆ ರಾತ್ರಿ ತನಕ ಆರಲ್ಲ.

ಕರಡಿ ಇದೆ. ಕಪ್ಪು ಕರಡಿ, ಸೆಂಟರ್ ಪಕ್ಕದ ಸ್ಟೀಪ್ ಕ್ರೀಕ್ ಅನ್ನೋ ಹಳ್ಳಕ್ಕೆ ಜುಲೈಯಿಂದ ಸಾಕೈ ಸಾಲ್ಮನ್ ಮೀನು ಮೊಟ್ಟೆ ಇಡೋಕೆ ಹತ್ತಿ ಬರ್ತವೆ, ಅದನ್ನ ತಿನ್ನೋಕೆ ಇವು. ಅಲ್ಲಿ ನೆಲದಿಂದ ಮೇಲೆ ಹಲಗೆ ಹಾಕಿದ ದಾರಿ ಇದೆ, ರೇಂಜರ್‌ಗಳೂ ಇರ್ತಾರೆ, ಆಗಸ್ಟಲ್ಲಿ ಅಮ್ಮ ಒಂದು ಕರಡಿನ ಹಲಗೆ ಮೇಲೆ ನಿಂತೇ ನೋಡೋ ಸಾಧ್ಯತೆ ಚೆನ್ನಾಗಿದೆ. ಎದುರಾದ್ರೆ ಓಡಬಾರ್ದು, ಮಾತಾಡ್ತಾ ನಿಧಾನ ಹಿಂದೆ ಸರೀಬೇಕು, ದಾರಿ ಅದಕ್ಕೆ ಬಿಟ್ಟುಕೊಡ್ಬೇಕು. ನಮ್ಮ ಜನ ಗುಂಪಾಗಿ ಹೋದ್ರೆ ಮಾಡೋ ಗಲಾಟೆಗೆ ಕರಡಿ ತಾನೇ ದೂರ ಹೋಗುತ್ತೆ, ಅದು ಬೇರೆ ಮಾತು.

ಈ ಕರಡಿ ಕಾರಣಕ್ಕೇ ಊಟದ ರೂಲ್ ಬಿಗಿ. ಆ ಪ್ರದೇಶದಲ್ಲಿ ಹೊರಗಡೆ ತಿನ್ನೋ ಹಾಗಿಲ್ಲ, ನೀರು ಮಾತ್ರ. ಬಿಸ್ಕೆಟ್ಟೂ ಇಲ್ಲ. ಒಂದ್ಸಲ ಒಬ್ಬರು ಅಜ್ಜಿ ಫೋಟೋ ಪಾಯಿಂಟಲ್ಲಿ ಸೆರಗಿನಿಂದ ಕೊಡುಬಳೆ ತೆಗೆದು ಮೊಮ್ಮಗನಿಗೆ ಕೊಡ್ತಿದ್ರು, ರೇಂಜರ್ ಹುಡುಗಿ ಬಂದು ತುಂಬಾ ಮರ್ಯಾದೆಯಿಂದ ಬ್ಯಾಗಲ್ಲಿ ಇಡಿ ಅಂದ್ಲು, ಅಜ್ಜಿ ಅವಳಿಗೂ ಒಂದು ಕೊಡೋಕೆ ಹೋದ್ರು. ತಮಾಷೆ ಆಯ್ತು, ಆದ್ರೆ ವಿಷಯ ತಮಾಷೆ ಅಲ್ಲ, ಮನುಷ್ಯರ ತಿಂಡಿ ರುಚಿ ಹತ್ತಿದ ಕರಡಿನ ಕೊನೆಗೆ ಕೊಲ್ಲಬೇಕಾಗಿ ಬರುತ್ತೆ. ಹಡಗಲ್ಲಿ 12 ಗಂಟೆಗೆ ಹೊಟ್ಟೆ ತುಂಬ ಊಟ ಮಾಡಿಸಿ ಹೊರಡಿ. ಅಪ್ಪಂಗೆ ಶುಗರ್ ಇದ್ರೆ ಜೇಬಲ್ಲಿ ಗ್ಲೂಕೋಸ್ ಮಾತ್ರೆ ಇರ್ಲಿ.

ಈಗ ನೀವು ಕೇಳದ ಮೊದಲ ವಿಷಯ, ಸ್ವಲ್ಪ ಉದ್ದ ಇದೆ. ಮೆಂಡನ್‌ಹಾಲ್‌ನ ಪಕ್ಕದಲ್ಲಿ ಮೇಲ್ಗಡೆ ಸೂಯಿಸೈಡ್ ಬೇಸಿನ್ ಅಂತ ಒಂದು ಕಣಿವೆ ಇದೆ. ಅಲ್ಲಿದ್ದ ಸಣ್ಣ ಹಿಮನದಿ ಕರಗಿ ಹಿಂದೆ ಹೋಗಿ ಖಾಲಿ ಬಟ್ಟಲು ಆಗಿದೆ, ಬೇಸಿಗೆ ಪೂರ್ತಿ ಕರಗಿದ ನೀರು ಮಳೆ ನೀರು ಅದರಲ್ಲಿ ತುಂಬುತ್ತೆ, ಮೆಂಡನ್‌ಹಾಲ್‌ನ ಮಂಜುಗಡ್ಡೆನೇ ಅದಕ್ಕೆ ಒಡ್ಡು. ಗದ್ದೆ ಅಂಚಲ್ಲಿ ಏಡಿ ತೂತು ಮಾಡಿದ್ರೆ ಏನಾಗುತ್ತೆ ಅಂತ ಊರಲ್ಲಿ ನೋಡಿರ್ತೀರಲ್ಲ, ಮೊದಲು ಬೆರಳಷ್ಟು ನೀರು, ಅದೇ ಕೊರೀತಾ ಕೊರೀತಾ ತೂತು ದೊಡ್ಡದಾಗಿ ಕೊನೆಗೆ ಗದ್ದೆನೇ ಖಾಲಿ. ಹಾಗೇ ಇಲ್ಲೂ ನೀರು ಮಂಜುಗಡ್ಡೆ ಕೆಳಗೆ ಸುರಂಗ ಮಾಡ್ಕೊಂಡು ಒಂದೆರಡು ದಿನದಲ್ಲಿ ಪೂರ್ತಿ ಕೆಳಗಿನ ಕೆರೆಗೆ, ಅಲ್ಲಿಂದ ನದಿಗೆ ನುಗ್ಗುತ್ತೆ. ಇದು ಶುರುವಾಗಿದ್ದು 2011ರಲ್ಲಿ. 2023, 2024, 2025 ಮೂರು ವರ್ಷನೂ ದೊಡ್ಡ ನೆರೆ ಬಂದಿದ್ದು ಆಗಸ್ಟ್ ಮೊದಲ ಎರಡು ವಾರದೊಳಗೇ, 2023ರಲ್ಲಿ 5ನೇ ತಾರೀಕು, 2025ರಲ್ಲಿ 13ನೇ ತಾರೀಕು. 2025ರಲ್ಲಿ ಮೆಂಡನ್‌ಹಾಲ್ ನದಿ 16.65 ಅಡಿ ಮಟ್ಟಕ್ಕೆ ಏರಿ ದಾಖಲೆ ಮಾಡ್ತು, ಊರಿನ ಮನೆಗಳಿಗೆ ಅಡ್ಡಲಾಗಿ ಮರಳಿನ ತಡೆಗೋಡೆ ಕಟ್ಟಿದ್ರಿಂದ ಹಿಂದಿನ ವರ್ಷದಷ್ಟು ಹಾನಿ ಆಗ್ಲಿಲ್ಲ.

ನಿಮಗೆ ಇದರಿಂದ ಪ್ರಾಣಭಯ ಇಲ್ಲ, ಹವಾಮಾನ ಇಲಾಖೆಯವರು ಆ ಬಟ್ಟಲಿನ ಮಟ್ಟನ ಕ್ಯಾಮೆರಾ ಇಟ್ಟು ದಿನಾ ನೋಡ್ತಿರ್ತಾರೆ, ನೀರು ಹೊರಟ ಕೂಡ್ಲೇ ಗೊತ್ತಾಗುತ್ತೆ. ತೊಂದರೆ ಏನಂದ್ರೆ ಕೆರೆ ಏರಿದ್ರೆ ಫಾಲ್ಸ್ ದಾರಿ ತಗ್ಗಲ್ಲಿರೋದ್ರಿಂದ ಮುಳುಗುತ್ತೆ, ದಾರಿ ಬಂದ್ ಮಾಡ್ತಾರೆ, ಬಸ್ಸೂ ನಿಲ್ಲಬೋದು. ಹಾಗಾಗಿ ಹೊರಡೋ ಎರಡು ದಿನ ಮುಂಚೆಯಿಂದ ಹಡಗಿನ ವೈಫೈಯಲ್ಲಿ ಜೂನೋ ಹವಾಮಾನದ ಪೇಜ್ ನೋಡ್ತಿರಿ. ಬಂದ್ ಆಗಿದ್ರೆ ಬೇಜಾರ್ ಮಾಡ್ಕೋಬೇಡಿ, ಹಡಗು ನಿಲ್ಲೋ ಜಾಗದ ಪಕ್ಕದಲ್ಲೇ ಮೌಂಟ್ ರಾಬರ್ಟ್ಸ್ ಟ್ರಾಮ್ ಇದೆ, ತೂಗುಗಾಡೀಲಿ ಮೇಲೆ ಹೋಗಿ ಕಾಡು, ಸಮುದ್ರ ನೋಡ್ಬೋದು.

ಹೋಗೋದು ಹೇಗೆ ಅಂದ್ರೆ, ಹಡಗು ಇಳಿದಲ್ಲೇ ಟಿಕೆಟ್ ಬೂತ್ ಸಾಲಾಗಿವೆ, ಗ್ಲೇಸಿಯರ್‌ಗೆ ಹೋಗಿಬರೋ ಶಟಲ್ ಬಸ್ ಸಿಗುತ್ತೆ. ಅರಣ್ಯ ಇಲಾಖೆ ಇಷ್ಟೇ ಜನ ಅಂತ ಪರ್ಮಿಟ್ ಮಿತಿ ಹಾಕಿರೋದ್ರಿಂದ ಸೀಸನ್ ಕೊನೇಲಿ ಟಿಕೆಟ್ ಖಾಲಿ ಆಗೋದೂ ಉಂಟು, ಆನ್‌ಲೈನಲ್ಲಿ ಮೊದಲೇ ತಗೊಳ್ಳೋದು ವಾಸಿ. ಊರಿನ ಸರ್ಕಾರಿ ಬಸ್ ಎರಡು ಡಾಲರ್‌ಗೆ ಸಿಗುತ್ತೆ, ಆದ್ರೆ ಅದು ಸೆಂಟರ್‌ನಿಂದ ಎರಡು ಎರಡೂವರೆ ಕಿಲೋಮೀಟರ್ ದೂರದಲ್ಲೇ ಇಳಿಸುತ್ತೆ, ಅಮ್ಮನ ಮಂಡಿಯ ಬಲ ಅಲ್ಲೇ ಖರ್ಚಾಗ್ಬಾರ್ದು. ನಾಲ್ಕು ಜನ ಇದ್ರೆ ಹೋಗೋಕೆ ಟ್ಯಾಕ್ಸಿನೇ ಸರಿ, ಶಟಲ್ ನಾಲ್ಕು ಟಿಕೆಟ್‌ಗೂ ಅದಕ್ಕೂ ಭಾರಿ ವ್ಯತ್ಯಾಸ ಇರಲ್ಲ. ಸೆಂಟರ್‌ಗೆ ದೊಡ್ಡವರಿಗೆ 5 ಡಾಲರ್ ಫೀ, ನಿಮ್ಮತ್ರ ನ್ಯಾಷನಲ್ ಪಾರ್ಕ್ ವಾರ್ಷಿಕ ಪಾಸ್ ಇದ್ರೆ ಜೊತೆಗಿಟ್ಕೊಳ್ಳಿ, ಅಲ್ಲಿ ನಡೆಯುತ್ತೆ.

ನಿಮ್ಮ ಟೈಮ್ ಲೆಕ್ಕ ಹೀಗೆ ಹಾಕ್ಕೊಳ್ಳಿ: 1 ಗಂಟೆಗೆ ಹಡಗು ನಿಂತ್ರೂ ಇಳಿಯೋ ಕ್ಯೂ ಮುಗಿಯೋದು ಒಂದೂವರೆ, ಜಾಗ ತಲುಪೋದು ಎರಡೂಕಾಲು, ಟಾಯ್ಲೆಟ್ ಮುಗಿಸಿ ಎರಡೂವರೆಗೆ ನಡೆಯೋಕೆ ಶುರು, ಫಾಲ್ಸ್ ಹತ್ರ ಮುಕ್ಕಾಲು ಗಂಟೆ ಇದ್ರೂ ಐದು ಗಂಟೆ ಒಳಗೆ ಸೆಂಟರ್‌ಗೆ ವಾಪಸ್. ಆಮೇಲೆ ಕರಡಿ, ಸಿನಿಮಾ, ಕಿಟಕಿ ಎಲ್ಲಾ ನಿಧಾನ ನೋಡಿ ಆರೂವರೆಗೆ ಹೊರಟ್ರೂ ಬೇಕಾದಷ್ಟು ಟೈಮ್ ಉಳಿಯುತ್ತೆ. ಆಗಸ್ಟಲ್ಲಿ ಅಲ್ಲಿ ರಾತ್ರಿ ಒಂಬತ್ತರ ತನಕ ಬೆಳಕಿರೋದ್ರಿಂದ ಕತ್ತಲಾಗೋ ಚಿಂತೆ ಇಲ್ಲ. ಒಂದು ಎಚ್ಚರ, ಜೂನೋ ಗಡಿಯಾರ ಸಿಯಾಟಲ್‌ಗಿಂತ ಒಂದು ಗಂಟೆ ಹಿಂದೆ. ಕೆಲವು ಹಡಗು ತಮ್ಮ ಗಡಿಯಾರ ಬದಲಾಯಿಸ್ತವೆ, ಕೆಲವು ಬದಲಾಯಿಸಲ್ಲ, ಫೋನು ಮಾತ್ರ ತಾನೇ ಬದಲಾಗುತ್ತೆ. 9 ಗಂಟೆ ಅಂದ್ರೆ ಯಾರ 9 ಅಂತ ಇಳಿಯೋ ಮುಂಚೆ ಕೇಳಿ, ವಾಪಸ್ ಹತ್ತೋ ಕಡೇ ಟೈಮ್ ಹಡಗು ಹೊರಡೋ ಅರ್ಧ ಗಂಟೆ ಮುಂಚೆನೇ ಇರುತ್ತೆ. ಅಪ್ಪಂದು ಹಳೇ ಎಚ್‌ಎಂಟಿ ವಾಚ್ ಇದ್ರೆ ಅದನ್ನ ಹಡಗಿನ ಟೈಮ್‌ಗೆ ಇಟ್ಟು ಕಟ್ಟಿಸಿ, ನಾಲ್ಕು ಜನದಲ್ಲಿ ಒಬ್ಬರ ಕೈಯಲ್ಲಾದ್ರೂ ಹಡಗಿನ ಟೈಮ್ ಇರ್ಲಿ.

ಕೊನೇದು ಕೆನಡಾ ವೀಸಾ. ಸಿಯಾಟಲ್‌ನಿಂದ ಹೊರಡೋ ದೊಡ್ಡ ಹಡಗೆಲ್ಲ ಹೊರದೇಶದ ಬಾವುಟದವು, 1886ರ ಒಂದು ಹಳೇ ಅಮೆರಿಕನ್ ಕಾನೂನಿನ ಪ್ರಕಾರ ಅವು ಮಧ್ಯೆ ಬೇರೆ ದೇಶದ ಬಂದರಲ್ಲಿ ನಿಲ್ಲಲೇಬೇಕು, ಅದಕ್ಕೇ ನಿಮ್ಮ ಟಿಕೆಟ್‌ನಲ್ಲಿ ಕೊನೇಗೆ ವಿಕ್ಟೋರಿಯಾ ಅಂತ ಇರೋದು. ಅದು ಕೆನಡಾ. ಭಾರತದ ಪಾಸ್‌ಪೋರ್ಟ್ ಇರೋರಿಗೆ, ಅಮೆರಿಕ ವೀಸಾ ಇದ್ರೂನೂ, ಕೆನಡಾ ವೀಸಾ ಬೇಕು, ಇಳಿಯಲ್ಲ ಹಡಗಲ್ಲೇ ಕೂತಿರ್ತೀವಿ ಅಂದ್ರೂ ಬೇಕು. ನಿಮ್ಮದು ಎಚ್‌1ಬಿ ಆದ್ರೆ ನಿಮಗೂ ಬೇಕು, ಗ್ರೀನ್ ಕಾರ್ಡ್ ಇದ್ರೆ ಪಾಸ್‌ಪೋರ್ಟ್ ಜೊತೆ ಕಾರ್ಡ್ ಸಾಕು. ಇಲ್ಲ ಅಂದ್ರೆ ಸಿಯಾಟಲ್ ಬಂದರಲ್ಲೇ ಹಡಗು ಹತ್ತೋಕೆ ಬಿಡಲ್ಲ, ಸೂಟ್‌ಕೇಸ್ ಪಕ್ಕದಲ್ಲಿ ಕೂತು ಅಳ್ತಿದ್ದ ಒಂದು ಕುಟುಂಬನ ನಾನು ಕಣ್ಣಾರೆ ನೋಡಿದೀನಿ. ಅಪ್ಪ ಅಮ್ಮ ಇನ್ನೂ ದಾವಣಗೆರೇಲೇ ಇದಾರೆ ಅಂದ್ರೆ ಬೆರಳಚ್ಚು ಕೊಡೋದು ಬೆಂಗಳೂರಲ್ಲೇ ಆಗುತ್ತೆ, ಅದೇ ಸುಲಭ, ಇವತ್ತೇ ಅರ್ಜಿ ಹಾಕ್ಸಿ.